ಭಾವನ ಎದೆಬಡಿತ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಜೀವಮಾನವಿಡೀ ಅಂಗಡಿಯವರ ತಕ್ಕಡಿಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದ ಇನ್‌ಸ್ಪೆಕ್ಟರ್ ಸಾಹೇಬರಿಗೆ ತಮ್ಮಲ್ಲಿ ಮಾತ್ರ ಒಂದು ತಪ್ಪೂ ಕಂಡಿರಲಿಲ್ಲ. ಕಂಡುಹಿಡಿದವರು ಡಾಕ್ಟರು. ಎದೆಬಡಿತ ತಾಳ ತಪ್ಪುತ್ತಿದೆ, ರಸ್ತೆಯಲ್ಲಿ ಸೈಕಲ್ ಬೇಡ, ಮನೆಯೊಳಗೇ ನಿಧಾನವಾಗಿ ತುಳಿಯಿರಿ, ಹತೋಟಿಗೆ ಬಂದ ಮೇಲೆ ನೋಡೋಣ ಎಂದರು. ಸಾಹೇಬರ ಸೈಕಲ್ ಗೆಳೆಯರು ಮುಂದಿನ ತಿಂಗಳು ಬೆಟ್ಟ ಹತ್ತುವವರಿದ್ದರು. ತಾವಿಲ್ಲದೆ ಅವರಿಗೆ ಬೆಟ್ಟದ ದಾರಿಯೇ ಸಿಗುವುದಿಲ್ಲವೆಂದು ಸಾಹೇಬರು ನಂಬಿದ್ದರು.

ಮಹಡಿಯ ಮೇಲಿದ್ದ ಹೆಂಡತಿಯ ತಮ್ಮ, ಭಾವನಿಗೆ ಒಬ್ಬರಿಗೇ ಬೇಸರವಾದೀತೆಂದು ಎರಡು ಟರ್ಬೊ ಟ್ರೈನರ್ ತರಿಸಿದ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಅದಕ್ಕೆ ಕೂರಿಸಿದರೆ ಎಷ್ಟು ತುಳಿದರೂ ಎದುರಿನ ಗೋಡೆ ಹತ್ತಿರ ಬರುವುದಿಲ್ಲ. ಜೊತೆಗೆ ಎದೆಗೆ ಕಟ್ಟುವ ಬೆಲ್ಟು, ಹ್ಯಾಂಡಲ್ಲಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರು. ವೇಗ, ಎದೆಬಡಿತ ಎಲ್ಲವನ್ನೂ ತೋರಿಸುವುದು ಅದರ ಕೆಲಸ. ಒಂದು ಸೆಟ್ಟು ಕೆಳಗೆ ಭಾವನಿಗೆ, ಇನ್ನೊಂದು ಮಹಡಿಯಲ್ಲಿ ತನಗೆ; ಎರಡೂ ಒಂದೇ ಕಂಪನಿಯವು.

ಜೋಡಿಸುವ ದಿನ ಸಾಹೇಬರ ಕಂಪ್ಯೂಟರು ಸುತ್ತಮುತ್ತ ಹುಡುಕಿ, ಎರಡು ಟ್ರೈನರು ಎರಡು ಬೆಲ್ಟು ಸಿಕ್ಕಿವೆ, ನಿಮ್ಮದು ಯಾವುದು ಎಂದು ಕೇಳಿತು. ಹೆಸರೆಲ್ಲ ಒಂದೇ, ಕೊನೆಯ ಅಂಕಿಗಳಷ್ಟೇ ಬೇರೆ.

"ಭಾವ, ಬೆಲ್ಟಿನ ಹಿಂದೆ ನಂಬರ್ ಇರುತ್ತೆ, ಒಂದ್ಸಲ ನೋಡ್ಬಿಡೋಣ."

"ನೋಡೋದೇನು ಬಂತು? ಪಟ್ಟೀಲಿ ಮೇಲಿರೋದೇ ನಂದು. ಈ ಮನೇಲಿ ಹಿರಿಯ ಯಾರು?"

ಭಾವನಿಗೆ ಎದುರಾಡಿ ಅಭ್ಯಾಸವಿಲ್ಲದ ಬಾಮೈದ ಉಳಿದದ್ದನ್ನು ತನ್ನ ಕಂಪ್ಯೂಟರಿಗೆ ಒತ್ತಿಕೊಂಡ. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ತುಳಿಯಬೇಕೆಂದು ಆಜ್ಞೆಯೂ ಆಯಿತು.

ಸಾಹೇಬರ ಪರದೆ ನೋಡಲು ಎರಡು ಕಣ್ಣು ಸಾಲದು. ವೇಗ ಹುಡುಗರದು, ಎದೆಬಡಿತ ಗಡಿಯಾರದ್ದು. ತಾವು ತುಳಿಯುವುದನ್ನು ನಿಧಾನ ಮಾಡಿದಾಗಲೂ ಒಮ್ಮೊಮ್ಮೆ ವೇಗ ಏರುತ್ತಿತ್ತು. ಅದು ಅನುಭವದ ಫಲವೆಂದು ಅವರು ತಿಳಿದರು. ಎದೆಯಲ್ಲಿ ಆಗಾಗ ಹಿಡಿದಂತಾಗುತ್ತಿತ್ತು. ಅದಕ್ಕೆ ಗ್ಯಾಸು ಎಂದು ಹೆಸರಿಟ್ಟರು.

"ರೀ, ಏದುಸಿರು ಬಿಡ್ತಿದೀರಲ್ಲ?" ಎಂದರೆ, "ಮಷೀನು ಚೆನ್ನಾಗಿದೆ ಅಂತಿದೆ, ನಿಂದೇನು ನಡುವೆ?" ಎಂದು ಹೆಂಡತಿಯ ಬಾಯಿ ಮುಚ್ಚಿಸಿದರು. ಬೆಟ್ಟ ಹತ್ತುವವರ ಪಟ್ಟಿಗೆ ತಮ್ಮ ಹೆಸರನ್ನೂ ಕೊಟ್ಟುಬಿಟ್ಟರು.

ಅತ್ತ ಬಾಮೈದ ಸೊರಗಿದ. ಅವನ ಪರದೆಯಲ್ಲಿ ವೇಗ ತಳ್ಳುಗಾಡಿಯದು, ಎದೆ ಮಾತ್ರ ಎಗ್ಗಿಲ್ಲದೆ ಕುಣಿಯುತ್ತಿತ್ತು. ಊಟಕ್ಕೆ ಕೂತಾಗ ಸಾಹೇಬರು ಅವನಿಗೆ ಆರೋಗ್ಯದ ಮೇಲೆ ಉಪನ್ಯಾಸ ಕೊಟ್ಟರು. ಅಕ್ಕ ತಮ್ಮನಿಗಾಗಿ ಕದ್ದು ಅತ್ತಳು.

ಒಂದು ಬೆಳಿಗ್ಗೆ ಸಾಹೇಬರು ಎಷ್ಟು ತುಳಿದರೂ ಪರದೆ ಸೊನ್ನೆ ಬಿಟ್ಟು ಕದಲಲಿಲ್ಲ. ಇನ್ನೂ ಜೋರಾಗಿ ತುಳಿದು, ಕೂಗಿ ಬಾಮೈದನನ್ನು ಕರೆದರು. ಅವನು ಹೊರಗೆ ಹೊರಡುವ ಬಟ್ಟೆಯಲ್ಲೇ ತನ್ನ ಕಂಪ್ಯೂಟರು ಹಿಡಿದು ಇಳಿದು ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕನೂ ಅಡುಗೆಮನೆಯಿಂದ ಓಡಿ ಬಂದಳು.

"ಭಾವ, ಡಾಕ್ಟರ್ ಹತ್ರ ಹೊರಟಿದೀನಿ, ಇವತ್ತು ಸೈಕಲ್ ಹತ್ತೇ ಇಲ್ಲ. ಬೆಲ್ಟು ಮೊಳೆಗೆ ನೇತಾಡ್ತಿದೆ. ಆದ್ರೂ ಇದ್ರಲ್ಲಿ ಎದೆ ಹೊಡ್ಕೊಳ್ತಾನೇ ಇದೆ, ನೋಡಿ!"

ನೋಡಲು ಸಾಹೇಬರು ಪೆಡಲ್ ನಿಲ್ಲಿಸಿದರು. ಬಾಮೈದನ ಕೈಯಲ್ಲಿದ್ದ ಪರದೆಯ ವೇಗ ಸೊನ್ನೆಗಿಳಿಯಿತು. ಎದೆಬಡಿತ ತಗ್ಗಿತು, ಎಗರಿತು, ಮತ್ತೆ ತಗ್ಗಿತು.

"ನಿನ್ನ ಮಷೀನು ಕೆಟ್ಟಿದೆ," ಎಂದು ಸಾಹೇಬರು ಅಂಗಿಯೊಳಗೆ ಕೈಹಾಕಿ ತಮ್ಮ ಬೆಲ್ಟು ಬಿಚ್ಚಿದರು. ಬಾಮೈದನ ಪರದೆಯಿಂದ ಎದೆಬಡಿತ ಮಾಯವಾಯಿತು.

ಬಾಮೈದನಿಗೆ ಹೋದ ಜೀವ ಬಂದಂತಾಯಿತು. ನಕ್ಕೇಬಿಟ್ಟ. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ. ಅವಳು ಗಂಡನನ್ನೇ ನೋಡುತ್ತಿದ್ದಳು.

ಸಾಹೇಬರು ಬೈಗುಳಕ್ಕೆ ಕಾದರು. ಇಷ್ಟು ವರ್ಷದ ಸಂಸಾರದಲ್ಲಿ ಸಕ್ಕರೆ ಡಬ್ಬದ ಮುಚ್ಚಳ ಸರಿಯಾಗಿ ಹಾಕದ್ದಕ್ಕೂ ಬೈದವಳು ಈಗ ತುಟಿ ಬಿಚ್ಚಲಿಲ್ಲ. ನೆಲಕ್ಕೆ ಕುಕ್ಕರಿಸಿ ಗಂಡನ ಬೂಟಿನ ಪಟ್ಟಿ ಬಿಚ್ಚತೊಡಗಿದಳು. ಸಾಹೇಬರಿಗೆ ನಿಜವಾಗಿ ಭಯವಾದದ್ದು ಆಗ.

"ನಿಂಗೆ ಅಂತ ತಗೊಂಡಿರೋ ಅಪಾಯಿಂಟ್‌ಮೆಂಟಿಗೆ ಭಾವನ್ನ ಕರ್ಕೊಂಡು ಹೋಗೋಣ. ಗಾಡಿ ತೆಗಿ," ಎಂದು ತಮ್ಮನಿಗೆ ಹೇಳಿದಳು.

ಸಾಹೇಬರು ಅವಳ ಭುಜ ಹಿಡಿದು ಇಳಿದರು. ಗ್ಯಾಸಿನ ಮಾತೆತ್ತದೆ ಬಾಗಿಲ ಕಡೆ ಹೆಜ್ಜೆ ಹಾಕಿದರು.

"ಏನಾದ್ರೂ ಬೈಯೇ," ಎಂದರು ಮೆಲ್ಲಗೆ.

"ಮೊದ್ಲು ಉಳ್ಕೊಳ್ಳಿ," ಎಂದಳು. "ಆಮೇಲೆ ಬೈತೀನಿ."