ಗುಡ್ಡದ ಆಚೆ ಬದಿಗೆ ಬಿದ್ದ ಚುಕ್ಕೆ

ಮೇಸ್ತ್ರಿಗೆ ಹಾವು ಕಚ್ಚಿದ ಮಧ್ಯಾಹ್ನ ನಾನು ಅವರಿಗೆ ಅವರದೇ ಧ್ವನಿಯಲ್ಲಿ ಉತ್ತರ ಕೊಟ್ಟೆ. ನಾನು ಮಾಡಿದ ಕೆಟ್ಟ ಕೆಲಸಗಳ ಪಟ್ಟಿ ಉದ್ದವಿದೆ, ಆದರೆ ಇದು ಮೊದಲನೆಯದು.

ಆಗ ಹೊಸದುರ್ಗದ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಡಿಪ್ಲೊಮಾ ಓದಿದ್ದಾನೆ, ನಕ್ಷೆ ಬರುತ್ತದೆ ಎಂದು ಸೇರಿಸಿಕೊಂಡಿದ್ದರು. ನಿಜವಾಗಿ ನನಗೆ ಬರುತ್ತಿದ್ದದ್ದು ಬೇರೆಯವರ ಮಾತು. ಕಚೇರಿ ನಡೆಸುವ ಮೇಡಂ ಇಂಗ್ಲಿಷಿನಲ್ಲಿ ಸಿಟ್ಟಾಗುವುದು, ಯಂತ್ರಗಳ ರಿಪೇರಿ ಮಾಡುವ ಮೇಸ್ತ್ರಿ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಒತ್ತಿಕೊಂಡು ಬೈಯುವುದು, ಏನೂ ತಿಳಿಯದ ನಾನು ಫೋನಿನಲ್ಲಿ “ಹ್ಞಾಂ ಸಾರ್, ಚೆಕ್ ಮಾಡ್ತೀನಿ ಸಾರ್” ಎನ್ನುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ.

ಆವತ್ತು ಮೇಡಂ ಮೀಟಿಂಗಿಗೆ ಚಿತ್ರದುರ್ಗಕ್ಕೆ ಹೋಗಿದ್ದರು. ಬಿಡಿಭಾಗ ತರಲು ಜೀಪು ಹಿರಿಯೂರಿಗೆ ಹೋಗಿತ್ತು. ಮೇಸ್ತ್ರಿ ಬೈಕಿನಲ್ಲಿ ಒಬ್ಬರೇ ಮೂವತ್ತೊಂದನೇ ಗಾಳಿಯಂತ್ರದ ಕಂಬಕ್ಕೆ ಹೋಗಿದ್ದರು. ಅಲ್ಲಿಂದ ಫೋನ್ ಬಂತು.

“ಲೇ, ಕಚ್ತು ಕಣಲೇ.”

“ನಾಲಿಗೆ ಕಚ್ಕಂಡ್ಯೇನಲೇ, ಎಲೆಅಡಿಕೆ ಅಂತ?” ಎಂದೆ, ಅವರಂತೆಯೇ ಕೆನ್ನೆ ಉಬ್ಬಿಸಿ.

ಅವರು ಬೈಯಲಿಲ್ಲ. “ಹಾವು. ಕಾಲಿಗೆ. ಕೊಳಕುಮಂಡಲ ಇರ್ಬೇಕು.”

“ಕುಂತಲ್ಲೇ ಕುಂತಿರ್ರಿ, ಬೈಕ್ ಹತ್ತಬ್ಯಾಡ್ರಿ,” ಎಂದೆ. ಆ ತೆಳ್ಳನೆಯ ಧ್ವನಿ ಯಾರದೆಂದು ನನಗೇ ಗೊತ್ತಾಗಲಿಲ್ಲ.

ಆಂಬುಲೆನ್ಸಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅದರ ಚಾಲಕನೇ ಹೊಸದುರ್ಗದಿಂದ ಫೋನ್ ಮಾಡಿದ. “ಅಣ್ಣ, ಗುಡ್ಡದ ತುಂಬ ಫ್ಯಾನೇ ಅವೆ. ಯಾವ ಫ್ಯಾನಿಗೆ ಅಂತ ಬರ್ಲಿ? ಲೊಕೇಶನ್ ಹಾಕ್ರಿ.”

ಮೇಸ್ತ್ರಿಯದು ಗುಂಡಿ ಒತ್ತುವ ಫೋನು. ನನ್ನ ಹತ್ತಿರ ಇದ್ದದ್ದು ಗೋಡೆಯ ಮೇಲಿನ ನಕ್ಷೆ. ಅದರಲ್ಲಿ ಪ್ರತಿ ಕಂಬಕ್ಕೂ ಎರಡು ಉದ್ದದ ಸಂಖ್ಯೆ, ಪೂರ್ವಕ್ಕೆ ಇಷ್ಟು ಮೀಟರು, ಉತ್ತರಕ್ಕೆ ಇಷ್ಟು ಮೀಟರು. ಚಾಲಕನ ಫೋನಿಗೆ ಬೇಕಾದದ್ದು ಅಕ್ಷಾಂಶ, ರೇಖಾಂಶ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದ ಲೆಕ್ಕವನ್ನು ಮತ್ತೆ ದುಂಡಗೆ ಮಾಡಬೇಕು. ಅದಕ್ಕೊಂದು ವೆಬ್‌ಸೈಟ್ ಇತ್ತು. ಸಂಖ್ಯೆ ತುಂಬಿ ಒತ್ತಿದೆ. ತೆರೆಯ ಮೇಲೆ ಚುಕ್ಕೆ ಬಿದ್ದ ಜಾಗ ನೋಡಿದರೆ, ಮೇಸ್ತ್ರಿ ಬಂಗಾಳ ಕೊಲ್ಲಿಯ ನೀರಿನಲ್ಲಿ ಕುಳಿತಿದ್ದರು.

ಹಾಳೆಗೆ ಇಳಿಸುವಾಗ ಭೂಮಿಯನ್ನು ಕಿತ್ತಳೆಯಂತೆ ಅರವತ್ತು ತೊಳೆ ಮಾಡುತ್ತಾರೆ. ನಮ್ಮದು ನಲವತ್ತಮೂರನೆಯದು, ವೆಬ್‌ಸೈಟಿನಲ್ಲಿ ನಲವತ್ತನಾಲ್ಕು ಇತ್ತು. ಬದಲಿಸಿದೆ. ಚುಕ್ಕೆ ನಮ್ಮ ಗುಡ್ಡಕ್ಕೆ ಬಂತು. ಕಳಿಸಿದೆ.

“ಬಂತು ನೋಡ್ರಿ. ಹೊಳಲ್ಕೆರೆ ಕಡೆ ರಸ್ತೆ ತೋರಿಸ್ತೈತೆ, ಹೊಂಟೆ.”

ಹೊಳಲ್ಕೆರೆ ಕಡೆ? ಅದು ಗುಡ್ಡದ ಆಚೆ ಬದಿ. ಮೇಸ್ತ್ರಿ ಬೆಳಿಗ್ಗೆ ಹೋದದ್ದು ಹೊಸದುರ್ಗದ ಕಡೆಯ ಮಣ್ಣುದಾರಿಯಲ್ಲಿ. ಲೆಕ್ಕ ಸರಿಯೇ ಎಂದು ಗೊತ್ತಿರುವ ಒಂದು ಜಾಗದಲ್ಲಿ ನೋಡಬೇಕಿತ್ತು.

ಕಚೇರಿಯ ಗೇಟಿನ ಹತ್ತಿರ ಒಂದು ಸರ್ವೆ ಕಲ್ಲಿತ್ತು, ಅದರ ಸಂಖ್ಯೆಯೂ ನಕ್ಷೆಯಲ್ಲಿತ್ತು. ಅದನ್ನೂ ಹಾಗೆಯೇ ಅಕ್ಷಾಂಶ, ರೇಖಾಂಶಕ್ಕೆ ಬದಲಿಸಿ, ಫೋನ್ ಹಿಡಿದು ಓಡಿಹೋಗಿ ಕಲ್ಲಿನ ಮೇಲೆ ನಿಂತೆ. ನಾನು ಕಲ್ಲಿನ ಮೇಲಿದ್ದೆ. ಫೋನಿನಲ್ಲಿ ಲೆಕ್ಕದ ಕಲ್ಲು ಇನ್ನೂರು ಮೀಟರ್ ಆಚೆ, ಯಾರದೋ ರಾಗಿ ಹೊಲದಲ್ಲಿತ್ತು.

ನಕ್ಷೆ ಹಳೆಯದು. ಅದು ಭೂಮಿಯ ಆಕಾರವನ್ನು ಹಿಡಿದ ಲೆಕ್ಕವೇ ಬೇರೆ, ಫೋನಿನ ಲೆಕ್ಕವೇ ಬೇರೆ. ಇದನ್ನು ಡಿಪ್ಲೊಮಾದಲ್ಲಿ ಹೇಳಿಕೊಟ್ಟಿದ್ದರು. ಆ ಪಾಠ ಮಾಡಿದ ಮೇಷ್ಟ್ರ ಕೆಮ್ಮು ನನಗೆ ಇವತ್ತಿಗೂ ಬರುತ್ತದೆ, ಪಾಠ ಬಂದಿರಲಿಲ್ಲ. ಬಯಲಿನಲ್ಲಾದರೆ ಇನ್ನೂರು ಮೀಟರು ಒಂದು ಕೂಗಿನ ದೂರ. ಗುಡ್ಡದಲ್ಲಿ ನಡುವೆ ಕೊರಕಲಿದೆ, ದಾಟುವ ದಾರಿಯಿಲ್ಲ.

ಕಲ್ಲು ಎಷ್ಟು ಸರಿದಿತ್ತೋ ಅಷ್ಟನ್ನೇ ಮೂವತ್ತೊಂದರ ಲೆಕ್ಕದಿಂದಲೂ ಕಳೆದೆ. ಚುಕ್ಕೆ ಈ ಕಡೆಯ ದಾರಿಗೆ ಇಳಿಯಿತು. ಅದನ್ನು ಕಳಿಸಿ ಚಾಲಕನಿಗೆ ಫೋನ್ ಮಾಡಿದೆ.

“ಅಣ್ಣ, ಗಾಡಿ ತಿರುಗ್ಸ್ರಿ. ಮೊದ್ಲು ಹಾಕಿದ್ದು ತಪ್ಪು.”

“ಆಟ ಆಡ್ತೀಯೇನಪ್ಪ? ಇದು ಸರಿ ಅಂತ ಏನ್ ಗ್ಯಾರಂಟಿ?”

“ಕಲ್ಲಿನ ಮ್ಯಾಲೆ ನಿಂತು ನೋಡೀನಣ್ಣ.”

ಅವನಿಗೆ ಏನು ಅರ್ಥವಾಯಿತೋ ಕಾಣೆ. ಬೈದುಕೊಂಡೇ ಗಾಡಿ ತಿರುಗಿಸಿದ.

ಮೇಸ್ತ್ರಿಗೆ ಫೋನ್ ಮಾಡಿದೆ. “ಕಾಲು ಕುಂಬಳಕಾಯಿ ಆಗೈತೆ ಕಣೋ. ಕಣ್ಣು ಎಳೀತೈತೆ.”

“ಮಲಗಬ್ಯಾಡ್ರಿ. ಬೈರಿ ನನ್ನ. ನಿಮ್ಮ ಬೈಕಿನ ಕನ್ನಡಿ ಒಡೆದಿದ್ದು ನಾನೇ.”

“ಆಗ್ಲಿ ಬಿಡು ಮಗಾ,” ಎಂದರು.

ಇಷ್ಟು ಮೆತ್ತಗೆ ಅವರು ಯಾರೊಂದಿಗೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಾವಿಗಿಂತ ಆ ಮಾತಿಗೇ ನನಗೆ ಹೆಚ್ಚು ಹೆದರಿಕೆಯಾಯಿತು. ಆಮೇಲೆ ಫೋನ್ ಕಡಿದುಹೋಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಎರಡನೇ ಚುಕ್ಕೆಯೂ ತಪ್ಪಿದ್ದರೆ? ಕೂಡಬೇಕಾದಲ್ಲಿ ಕಳೆದಿದ್ದರೆ? ಗೇಟಿನ ಕಂಬಿ ಹಿಡಿದು ಅದೇ ಎರಡು ಸಂಖ್ಯೆಗಳನ್ನು ಬಾಯಲ್ಲಿ ಮಣಮಣ ಅಂದುಕೊಳ್ಳುತ್ತ ನಿಂತಿದ್ದೆ.

ಕೊನೆಗೆ ಚಾಲಕನ ಫೋನ್ ಬಂತು. “ಸಿಕ್ರು. ಎಚ್ಚರ ಐತೆ. ಹೊಂಟ್ವಿ.”

ಆಗ ಗೇಟಿನ ಕಂಬಿ ಬಿಟ್ಟೆ.

ಮೇಸ್ತ್ರಿ ಬದುಕಿದರು. ಅವರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನಾನು ಅವರ ಬೈಕಿನಲ್ಲಿ ಒಂದೊಂದೇ ಕಂಬದ ಬುಡಕ್ಕೆ ಹೋಗಿ, ಫೋನ್ ಹಿಡಿದು, ಅಕ್ಷಾಂಶ, ರೇಖಾಂಶಗಳ ಪಟ್ಟಿಯನ್ನು ಹೊಸದಾಗಿ ಬರೆದೆ. “ಕೂತಲ್ಲೇ ಲೆಕ್ಕ ಹಾಕಬಹುದಲ್ಲಪ್ಪ, ಸೂತ್ರ ಇದೆಯಲ್ಲ?” ಎಂದರು ಮೇಡಂ. ಇದೆ ಎಂದೆ, ಆದರೂ ಹೋದೆ. ಬೈಕಿನಿಂದ ಇಳಿದಲ್ಲೆಲ್ಲ ಹೆಜ್ಜೆಗೊಮ್ಮೆ ಕೋಲಿನಿಂದ ಹುಲ್ಲು ಬಡಿಯುತ್ತ ಹೋದೆ. ಮೂವತ್ತೊಂದರ ಹತ್ತಿರ ಮಾತ್ರ ತುಂಬ ಹೊತ್ತು ಬೈಕಿನಿಂದ ಕಾಲು ಕೆಳಗಿಡಲಿಲ್ಲ.