ಅಕ್ಕಯ್ಯಮ್ಮ ಮಾಡುತ್ತಿದ್ದ ಕೆಲಸ

ಮೊನ್ನೆ ಪರಿಚಯದವರೊಬ್ಬರು ಶ್ರೀನಿವಾಸಪುರದ ತೋಟದಿಂದ ಒಂದು ಪೆಟ್ಟಿಗೆ ಬಾದಾಮಿ ಮಾವಿನ ಹಣ್ಣು ಕಳಿಸಿದ್ದರು. ಮುಚ್ಚಳ ತೆಗೆದಾಗ ಹಣ್ಣಿಗಿಂತ ಮೊದಲು ಮೂಗಿಗೆ ಬಂದದ್ದು ಹುಲ್ಲಿನ ವಾಸನೆ. ಒಣಗಿದ ಬತ್ತದ ಹುಲ್ಲಿಗೆ ಮಾವಿನ ಸೊನೆ ತಾಗಿ, ಸೆಕೆಗೆ ಒಳಗೊಳಗೇ ಬೆಚ್ಚಗಾದರೆ ಒಂದು ವಾಸನೆ ಬರುತ್ತದೆ. ನಿಮಗೂ ಗೊತ್ತಿರುತ್ತದೆ. ಅದನ್ನು ಮೂಸಿದ ಮನುಷ್ಯನಿಗೆ ಬೇಸಿಗೆ ರಜೆಯೋ ಬಾಲ್ಯವೋ ನೆನಪಾಗುವುದು ಸಹಜ. ನನಗೆ ಮಾತ್ರ ದಣಿವು ನೆನಪಾಗುತ್ತದೆ. ಬಸ್ಸು ಹತ್ತಿ ಇಳಿದ ದಣಿವು, ಒಂದೇ ಪ್ರಶ್ನೆಯನ್ನು ನೂರಾರು ಮನೆಗಳ ಮುಂದೆ ಕೇಳಿದ ದಣಿವು.

ಎಂಬತ್ತರ ದಶಕ ಶುರುವಾಗಿದ್ದ ಕಾಲ. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಮಾಲೂರಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ಚಿಕ್ಕಂದಿನಲ್ಲಿ ಬಂದ ಪೋಲಿಯೊ ನನ್ನ ಬಲಗಾಲನ್ನು ಕಡ್ಡಿಯಂತೆ ಮಾಡಿಟ್ಟು ಹೋಗಿತ್ತು. ಅರ್ಜಿ ಹಾಕಿದ ಕಡೆಯಲ್ಲೆಲ್ಲ ನನ್ನ ಟೈಪಿಂಗ್ ವೇಗವನ್ನು ಹೊಗಳಿ, ಕಾಲನ್ನು ನೋಡಿ, "ಹೇಳಿ ಕಳಿಸ್ತೀವಿ" ಎನ್ನುತ್ತಿದ್ದರು. ಕಾಲಿನಿಂದ ಟೈಪ್ ಮಾಡುವ ಯಂತ್ರ ಎಲ್ಲೋ ಬಂದಿರಬೇಕು, ನಮ್ಮ ಟೈಪಿಂಗ್ ಮೇಷ್ಟ್ರಿಗೆ ಸುದ್ದಿ ಮುಟ್ಟಿಲ್ಲ ಎಂದುಕೊಂಡು ಮನೆಗೆ ಬರುತ್ತಿದ್ದೆ.

ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಂದು ಸಂಸ್ಥೆಯವರು ನಮ್ಮ ಕಡೆ ಅಂಗವಿಕಲರ ಸಮೀಕ್ಷೆಗೆ ಬಂದರು. ಆಗ ಎಲ್ಲರೂ ಬಳಸುತ್ತಿದ್ದ ಮಾತು ಅದೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಅಂಥವರಲ್ಲಿ ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಅವರು ತಿಳಿಯಬೇಕಿತ್ತು. ಅದರ ಮುಖ್ಯಸ್ಥೆ ಸುಶೀಲಾ ಮೇಡಂ ಎಂಬ ಗಟ್ಟಿ ಹೆಂಗಸು. ಅಂಗವಿಕಲರ ಲೆಕ್ಕಕ್ಕೆ ಒಬ್ಬ ಅಂಗವಿಕಲನೂ ಇರಲಿ ಎಂದು ನನ್ನನ್ನು ತಾತ್ಕಾಲಿಕವಾಗಿ ಸೇರಿಸಿಕೊಂಡರು. ಮೊದಲ ದಿನ ಪ್ರಶ್ನೆಗಳನ್ನು ಕಲಿಸಲು ನನ್ನನ್ನೇ ಎದುರು ಕೂರಿಸಿಕೊಂಡು, "ಕೆಲಸ ಇದೆಯಾ?" ಎಂದರು.

"ಇವತ್ತಿಂದ ಇದೆ ಮೇಡಂ" ಎಂದೆ.

ಅವರು ನಕ್ಕು, ಇದೆ ಎಂದೇ ಬರೆದರು.

ಇದರಲ್ಲಿ ನನ್ನ ಸ್ವಾರ್ಥವೂ ಒಂದಿತ್ತು. ಕೆಲಸವಿಲ್ಲದವರು ಹೆಚ್ಚಾಗಿ ಸಿಕ್ಕರೆ ಕೋಲಾರದಲ್ಲಿ ತರಬೇತಿ ಕೇಂದ್ರ ತೆರೆಯುವ ಯೋಚನೆ ಸಂಸ್ಥೆಗಿತ್ತು. ತೆರೆದರೆ ಅಲ್ಲಿ ನನಗೊಂದು ಗುಮಾಸ್ತನ ಕೆಲಸ ಎಂದು ಮೇಡಂ ಹೇಳಿದ್ದರು. ನಿರುದ್ಯೋಗ ಇನ್ನಷ್ಟು ಹೆಚ್ಚಲಿ ಎಂದು ದೇವರಿಗೆ ಕೈಮುಗಿದ ನಿರುದ್ಯೋಗಿ ಆ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಆದರೆ ಕೆಲಸ ಎಂದರೇನು ಎನ್ನುವುದೇ ಬಿಡಿಸಲಾಗದ ಗಂಟಾಯಿತು. ತಾಯಲೂರಿನಲ್ಲಿ ಕಿವಿ ಕೇಳದವನೊಬ್ಬ ಊರ ಕುರಿಗಳನ್ನೆಲ್ಲ ಕೆರೆ ಅಂಗಳದಲ್ಲಿ ಮೇಯಿಸುತ್ತಿದ್ದ. ಸುಗ್ಗಿಯಲ್ಲಿ ಮನೆಗಿಷ್ಟು ರಾಗಿ ಕೊಡುತ್ತಿದ್ದರು. ಅವನ ಅತ್ತಿಗೆ, "ಅವ್ನಿಗೇನ್ ಕೆಲ್ಸ ಸಾ, ಕುರಿ ಹಿಂದೆ ತಿರುಗ್ತಾನೆ" ಎಂದಳು. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಒಂದು ಕೈ ಹೋದವನು ಒಲೆಯ ಪಕ್ಕ ಹೆಂಚು ಜೋಡಿಸುತ್ತಿದ್ದ. ಕೂಲಿ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ, ಅವನ ಕೂಲಿ ತಮ್ಮನ ಹೆಸರಿನಲ್ಲಿ ಬರುತ್ತಿತ್ತು. ಸಂಜೆ ನಾನು ಮೇಡಂಗೆ "ಆ ತಾಯಲೂರಿನ ಕಿವುಡ", "ಮಾಲೂರಿನ ಕೈಯಿಲ್ಲದವನು" ಎಂದು ವಿವರ ಒಪ್ಪಿಸುತ್ತಿದ್ದೆ. ನಮ್ಮ ಬಾಯಲ್ಲಿ ಯಾರಿಗೂ ಹೆಸರು ಉಳಿದಿರಲಿಲ್ಲ. ಕೊನೆಗೆ ಮೇಡಂ ಒಂದು ನಿಯಮ ಮಾಡಿದರು. ಕೂಲಿಯನ್ನೋ ಕಾಳನ್ನೋ ಕೊಡುವವರು ಇದ್ದು, ಅವರು 'ಹೌದು, ಇವರು ನಮ್ಮಲ್ಲಿ ಕೆಲಸಕ್ಕಿದ್ದಾರೆ' ಎಂದರೆ ಮಾತ್ರ ಕೆಲಸ. ನನಗೂ ಅದು ಸರಿಯೆನ್ನಿಸಿತು. ಏನಾದರೊಂದು ನಿಯಮ ಸಿಕ್ಕಿದರೆ ಸಾಕು ಎನ್ನುವಷ್ಟು ಬೇಸತ್ತಿದ್ದೆ.

ಅಕ್ಕಯ್ಯಮ್ಮ ಸಿಕ್ಕಿದ್ದು ಶ್ರೀನಿವಾಸಪುರದಲ್ಲಿ, ಮಾವಿನ ಭರಾಟೆಯ ದಿನಗಳಲ್ಲಿ. ವಯಸ್ಸು ಮೂವತ್ತೈದರ ಆಸುಪಾಸು. ಎಳವೆಯಲ್ಲೇ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ತಮ್ಮ ನಾರಾಯಣಸ್ವಾಮಿಯ ಮನೆಯಲ್ಲಿದ್ದಳು. ಅವನಿಗೆ ಸ್ವಲ್ಪ ಹಿಪ್ಪುನೇರಳೆ ತೋಟವಿತ್ತು. ನಾನು ಪ್ರಶ್ನೆ ಕೇಳುವ ಮೊದಲೇ ಅವನು, "ಕೆಲ್ಸ ಇಲ್ಲ ಅಂತ ಬರ್ಕೊಳಿ ಸಾ. ಕೇಂದ್ರ ಬರ್ತದಂತಲ್ಲ, ಅಲ್ಲಿಗೆ ಸೇರಿಸ್ಕೊಳಿ" ಎಂದ. ನನಗೂ ಬೇಕಾಗಿದ್ದದ್ದು ಅದೇ.

ಒಳಗಿನಿಂದ ಅಕ್ಕಯ್ಯಮ್ಮ ಗೋಡೆ ಹಿಡಿದುಕೊಂಡು ಬಂದಳು. "ಯಾರ್ಲಾ ಅದು, ನಂಗೆ ಕೆಲ್ಸ ಇಲ್ಲ ಅನ್ನೋನು? ಮಂಡೀಲಿ ಬುಟ್ಟಿಗೆ ಹುಲ್ಲು ಹಾಸೋರು ಯಾರು, ನಿನ್ ಹೆಂಡ್ತೀನಾ?" ಎಂದು ತಮ್ಮನನ್ನು ಗದರಿಸಿ, ನನ್ನ ಕಡೆ ತಿರುಗಿ, "ಬರ್ಕೋ ನಾಯನಾ, ಕೆಲ್ಸ ಐತೆ ಅಂತ. ಊರಿಕೇ ಕೂತು ತಿನ್ನೋಳಲ್ಲ ನಾನು" ಎಂದಳು. ನಾಯನಾ ಎಂದರೆ ತೆಲುಗಿನಲ್ಲಿ ಅಪ್ಪಾ, ಊರಿಕೇ ಎಂದರೆ ಸುಮ್ಮಸುಮ್ಮನೆ. ಆ ಮಾತನ್ನು ಅವಳು ಹೇಳಿದ ಬಿರುಸಿಗೆ, ಸುಮ್ಮನಿರುವುದೇ ಒಂದು ಅಪರಾಧವೇನೋ ಎನ್ನಿಸಿತು.

ನಿಯಮ ಇತ್ತಲ್ಲ, ಮಾವಿನ ಮಂಡಿಗೆ ಹೋಗಿ ಕೇಳಲೇಬೇಕಿತ್ತು. ಅವಳೂ ಮಂಡಿಗೆ ಹೊರಟಿದ್ದಳು. ಅವಳ ಕೋಲು, ನನ್ನ ಊರುಗೋಲು, ಇಬ್ಬರೂ ಬೀದಿಯಲ್ಲಿ ಟಕಟಕ ಎನ್ನುತ್ತಾ ಹೋದೆವು. ನನ್ನ ಸದ್ದು ಆಲಿಸಿ, "ನಿಂಗೂ ಕಾಲು ಸರಿ ಇಲ್ವಾ? ಆದ್ರೂ ಆಫೀಸ್ ಕೆಲ್ಸ ಹಿಡ್ದಿದ್ದೀಯಲ್ಲ, ಒಳ್ಳೇದಾಯ್ತು" ಎಂದಳು. ನನ್ನದು ಇನ್ನು ಕೆಲವೇ ವಾರಗಳ ಕೆಲಸ ಎಂದು ಹೇಳಲು ಬಾಯಿ ಬರಲಿಲ್ಲ.

ಮಂಡಿಯೊಳಗೆ ಹಣ್ಣಿನ ರಾಶಿ, ಹಮಾಲಿಗಳ ಕೂಗು, ಲಾರಿಯ ಹೊಗೆ. ಅಕ್ಕಯ್ಯಮ್ಮ ತನ್ನ ಮೂಲೆಗೆ ಹೋಗಿ ಕುಳಿತು, ಒಂದು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಹುಲ್ಲು ಹಾಸಲು ಶುರುಮಾಡಿದಳು. ಮಂಡಿಯ ಸಾಹುಕಾರರು ಕೆಟ್ಟವರಲ್ಲ. ನನಗೆ ಕುರ್ಚಿ ಕೊಟ್ಟರು, ಹಣ್ಣು ಹೆಚ್ಚಿ ಕೊಟ್ಟರು. ಅಕ್ಕಯ್ಯಮ್ಮ ನಿಮ್ಮಲ್ಲಿ ಕೆಲಸಕ್ಕಿದ್ದಾರಾ ಎಂದು ಕೇಳಿದೆ.

"ಕೆಲ್ಸ ಎಲ್ಲಿಂದ ಬಂತು ಸಾರ್" ಎಂದರು ಸಾಹುಕಾರರು. "ಪಾಪ, ಕಣ್ಣಿಲ್ಲ. ಬಂದು ಕೂತ್ಕೊಂತಾಳೆ, ಹೋಗು ಅನ್ನೋಕೆ ಮನಸ್ಸು ಬರಲ್ಲ. ಮಧ್ಯಾಹ್ನ ಊಟ ಹಾಕ್ತೀವಿ, ಸಂಜೆ ಕೈಗಷ್ಟು ಚಿಲ್ಲರೆ, ಯುಗಾದಿಗೆ ಒಂದು ಸೀರೆ. ಧರ್ಮ ಅಂತ ಮಾಡೋದು. ಕೂಲಿ ಪಟ್ಟೀಲಿ ಅವಳಿಲ್ಲ."

ಅವರು ದನಿ ತಗ್ಗಿಸಲೇ ಇಲ್ಲ. ಕಣ್ಣಿಲ್ಲದವರಿಗೆ ಕಿವಿಯೂ ಇರುವುದಿಲ್ಲ ಎಂದು ಬಹಳ ಜನ ನಂಬಿರುತ್ತಾರೆ. ನಾನು ಕುಂಟನಾದ್ದರಿಂದ ನನಗೆ ತಿಳಿಯುವುದಿಲ್ಲವೆಂದು ನನ್ನ ಪಕ್ಕದವರ ಬಳಿ "ಇವರಿಗೆ ಕಾಫಿ ಬೇಕಾ?" ಎಂದು ಕೇಳಿದವರನ್ನು ಕಂಡಿದ್ದೇನೆ. ಅಕ್ಕಯ್ಯಮ್ಮನ ಕೈ ಹುಲ್ಲಿನ ಮೇಲೆ ನಿಂತಿತು. ಹಾಸುತ್ತಿದ್ದ ಬುಟ್ಟಿಯನ್ನು ಪೂರ್ತಿ ಮಾಡಿದಳು. ಅದನ್ನು ಪಕ್ಕಕ್ಕಿಟ್ಟು, ಸೀರೆಗೆ ಅಂಟಿದ್ದ ಹುಲ್ಲು ಕೊಡವಿಕೊಂಡು, ಕೋಲು ಹುಡುಕಿ ಎದ್ದಳು. ಊಟದ ಹೊತ್ತಾಗಿತ್ತು. "ಊಟ ಮಾಡ್ಕೊಂಡು ಹೋಗೇ" ಎಂದು ಸಾಹುಕಾರರು ಕರೆದರು. ಅವಳು ತಿರುಗಲಿಲ್ಲ.

ನಿಯಮದ ಪ್ರಕಾರ ಕೆಲಸವಿಲ್ಲ ಎಂದು ಬರೆದೆ. ಬಾಗಿಲ ಬಳಿ ಅವಳು ಯಾರಿಗೂ ತಾಗದಂತೆ ಬದಿಗೆ ಸರಿದು ಹೋಗುವುದನ್ನು ನೋಡುತ್ತಾ ಕುಳಿತಿದ್ದೆ. ಹಣ್ಣು ತಿನ್ನಲಾಗಲಿಲ್ಲ.

ಒಂದು ವಾರ ಕಳೆದು, ಬಿಟ್ಟುಹೋದ ಮನೆಗಳಿಗಾಗಿ ಮತ್ತೆ ಶ್ರೀನಿವಾಸಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಲ್ಲೇ ನಾರಾಯಣಸ್ವಾಮಿ ಹಿಡಿದ. "ಏನ್ ಕೇಳಿದ್ರಿ ಸಾ ಅಲ್ಲಿ? ಅವತ್ತಿಂದ ಮಂಡಿಗೆ ಹೋಗಿಲ್ಲ. ಊಟಕ್ಕೆ ಕರೆದ್ರೆ, ದುಡೀದೆ ತಿನ್ನೋದು ಹೆಂಗೆ ಅಂತಾಳೆ. ಎರಡು ಬಾಯಿ ತಿಂದು ಕೈ ತೊಳ್ಕೊಂತಾಳೆ. ನೀವು ಬಂದು ಏನಾದ್ರೂ ಹೇಳಿ" ಎಂದ. ಸಿಟ್ಟಿಗಿಂತ ಅವನ ದನಿಯಲ್ಲಿ ಸುಸ್ತು ಹೆಚ್ಚಿತ್ತು. ಕೆಲಸ ಇಲ್ಲ ಎಂದು ಬರೆಸಲು ಹೊರಟವನು ಅವನೇ, ಆದರೆ ಸಾಹುಕಾರರೇ ಅದನ್ನು ಅಕ್ಕನ ಕಿವಿಗೆ ಹಾಕುತ್ತಾರೆ ಎಂದು ಅವನು ಎಣಿಸಿರಲಿಲ್ಲ.

ಅಕ್ಕಯ್ಯಮ್ಮ ಜಗುಲಿಯ ಮೇಲೆ ಕುಳಿತಿದ್ದಳು. ನನ್ನ ಊರುಗೋಲಿನ ಸದ್ದಿಗೇ, "ಬಾ ನಾಯನಾ" ಎಂದಳು. ಕೇಂದ್ರ ಬಂದರೆ ಬೆತ್ತದ ಕೆಲಸ ಕಲಿಸುತ್ತಾರೆ ಎಂದೆಲ್ಲ ಹೇಳತೊಡಗಿದೆ. ಅವಳು ಕೈಯಲ್ಲೇ ತಡೆದಳು.

"ಅದೆಲ್ಲ ಇರ್ಲಿ. ನಿನ್ನೆ ಸಾವ್ಕಾರ್ರು ಆಳು ಕಳಿಸಿದ್ರು, ಬಾ ಅಂತ. ಹುಲ್ಲು ಹಾಸೋರು ಸಾಲ್ತಿಲ್ವಂತೆ. ಕೂಲಿ ಪಟ್ಟೀಲಿ ಸೇರಿಸ್ತಾರಾ ಕೇಳ್ಕೊಂಡ್ ಬಾ ಅಂದೆ. ಆಳು ತಿರುಗಿ ಬರ್ಲಿಲ್ಲ." ಕೋಲನ್ನು ಮಡಿಲಿಗೆ ಎಳೆದುಕೊಂಡು, "ಇಷ್ಟು ವರ್ಷ ನಂಗೆ ಯಾರೂ ಹೇಳ್ಲಿಲ್ಲ ನೋಡು, ಅದು ಧರ್ಮ ಅಂತ. ನಾನು ಕೂಲಿ ಅಂದ್ಕೊಂಡೇ ತಿಂದೆ" ಎಂದಳು.

ನಾರಾಯಣಸ್ವಾಮಿ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಅವಳೇ ಎದ್ದಳು. "ಗೇಟಿನ ಆಚೆ ಸಾಬ್ರ ಮಂಡಿ ಐತೆ. ನಡಿ, ಕೇಳಿ ಬರೋಣ. ಆಫೀಸ್‌ನೋನು ಜೊತೇಲಿದ್ರೆ ಮಾತಿಗೊಂದು ಬೆಲೆ ಬರ್ತದೆ."

ಮೂವರೂ ಹೋದೆವು. ಚಿಕ್ಕಬಳ್ಳಾಪುರದ ಸಣ್ಣ ರೈಲು ದಾಟುವವರೆಗೆ ಗೇಟಿನಲ್ಲಿ ನಿಂತೆವು. ಸಾಬರದು ಪುಟ್ಟ ಮಂಡಿ, ತೋತಾಪುರಿ ಕಾಯಿಯ ವ್ಯಾಪಾರ. ಮುದುಕರು, ಗಲ್ಲದ ಮೇಲೆ ಬಿಳಿ ಗಡ್ಡ. ಅಕ್ಕಯ್ಯಮ್ಮ ಯಾವ ಪೀಠಿಕೆಯೂ ಇಲ್ಲದೆ, "ಊಟ ಬೇಡ, ಸೀರೆ ಬೇಡ, ಕೂಲಿ ಕೊಡ್ತೀರಾ?" ಎಂದಳು. ಅವರು ಅವಳನ್ನೂ ನನ್ನನ್ನೂ ನೋಡಿ, ಗಡ್ಡ ನೀವಿಕೊಂಡು, "ಅರ್ಧ ಕೊಡ್ತೀನಮ್ಮಾ. ಕಣ್ಣಿರೋರಷ್ಟು ಬುಟ್ಟಿ ಆಗಲ್ಲ ನಿನ್ನ ಕೈಲಿ. ಪಟ್ಟೀಲಿ ಹೆಸರು ಬರೀತೀನಿ" ಎಂದರು.

ನಾರಾಯಣಸ್ವಾಮಿ ಬಾಯಿ ತೆರೆದ. ಅವಳು ಅವನ ತೋಳು ಹಿಡಿದು ಅದುಮಿದಳು. "ಅರ್ಧ ಆದ್ರೂ ಕೂಲಿ ಕಣ್ಲಾ" ಎಂದಳು. ಅಲ್ಲೇ ಕುಳಿತು ಬುಟ್ಟಿ ಕೇಳಿದಳು. ನಾನು ಹೊರಡುವಾಗ ಕೂಗಿ ಹೇಳಿದಳು. "ನಾಯನಾ, ಈಗ ತಿದ್ದಿ ಬರ್ಕೋ!"

ತಿದ್ದಲಾಗಲಿಲ್ಲ. ಶ್ರೀನಿವಾಸಪುರದ ಕಾಗದಗಳು ಆಗಲೇ ಬೆಂಗಳೂರಿಗೆ ಹೋಗಿದ್ದವು. ಮೇಡಂ ನನ್ನ ಮಾತನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಒಬ್ಬರು ಆ ಕಡೆಯಿಂದ ಈ ಕಡೆ ಬಂದರೆ ಒಟ್ಟು ಲೆಕ್ಕದಲ್ಲಿ ಏನೂ ಕಾಣಲ್ಲಪ್ಪ" ಎಂದರು. ಅವರು ನಿಷ್ಠುರವಾಗಿ ಹೇಳಲಿಲ್ಲ. ಅವರೂ ದಣಿದಿದ್ದರು.

ಕೇಂದ್ರ ಕೋಲಾರಕ್ಕೆ ಬರಲಿಲ್ಲ. ಬೇರೆಲ್ಲೋ ಆಯಿತೆಂದು ಕೇಳಿದೆ, ಕಾರಣ ಯಾರೂ ತಿಳಿಸಲಿಲ್ಲ. ವರದಿ ಸಿದ್ಧವಾಗುವ ಹೊತ್ತಿಗೆ ನನ್ನ ಕೆಲಸ ಮುಗಿದಿತ್ತು. ಹೀಗಾಗಿ ಅಕ್ಕಯ್ಯಮ್ಮ ಬುಟ್ಟಿಗೆ ಹುಲ್ಲು ಹಾಸುತ್ತಿದ್ದ ದಿನಗಳಲ್ಲಿ ಲೆಕ್ಕದ ಪ್ರಕಾರ ಅವಳಿಗೆ ಕೆಲಸವಿರಲಿಲ್ಲ, ಅಣ್ಣನ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಕುಳಿತಿದ್ದ ನನಗೆ, ಮೇಡಂ ಮೊದಲ ದಿನ ಬರೆದಂತೆ, ಇತ್ತು. ಆಮೇಲೆ ಒಂದು ಹಳೆಯ ಯಂತ್ರ ಕೊಂಡು, ಮಾಲೂರಿನಲ್ಲೇ ಟೈಪಿಂಗ್ ಕಲಿಸುತ್ತಾ ಹೇಗೋ ಬದುಕು ಕಟ್ಟಿಕೊಂಡೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಒಮ್ಮೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ನಾರಾಯಣಸ್ವಾಮಿ ಸಿಕ್ಕ. ತಲೆ ನರೆತಿತ್ತು. ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ.

"ಅದೇ ಮಂಡೀಲಿ ಇದ್ದಾಳೆ ಸಾ. ದೊಡ್ಡ ಸಾಬ್ರು ಹೋದ್ರು, ಮಗ ನಡೆಸ್ತಾನೆ. ಪ್ರತಿ ಸುಗ್ಗಿಗೂ ಜಗಳ ಆಡಿ ಆಡಿ ಈಗ ಮುಕ್ಕಾಲು ಕೂಲಿ ಮಾಡಿಸ್ಕೊಂಡಿದ್ದಾಳೆ. ಪೂರ್ತಿ ಕೊಡೋವರ್ಗೂ ನಾನು ಸಾಯಲ್ಲ ಅಂತಾಳೆ." ಹೇಳುತ್ತಾ ನಕ್ಕ. ಅಷ್ಟರಲ್ಲಿ ಅವನ ಬಸ್ಸು ಬಂತು. ಅದೇ ನನಗೆ ಸಿಕ್ಕ ಕೊನೆಯ ಸುದ್ದಿ. ಪೂರ್ತಿ ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸಲು ಹೋಗಲೂ ಇಲ್ಲ. ಯಾವ ಉತ್ತರ ಸಿಕ್ಕಿದರೂ ತಡೆದುಕೊಳ್ಳುವ ಶಕ್ತಿ ಇರಲಿಲ್ಲವೇನೋ.

ಮೊನ್ನೆ ನಾನು ಬಹಳ ಹೊತ್ತು ಹಾಗೇ ಕುಳಿತಿದ್ದಿರಬೇಕು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, "ಏನ್ರೀ, ಯಾರನ್ನ ನೆನೆಸ್ಕೊಂಡ್ರಿ?" ಎಂದಳು.

"ಅಕ್ಕಯ್ಯಮ್ಮ ಅಂತ."

"ಯಾರು ಅವರು?"

ಇಷ್ಟು ವರ್ಷ ಯಾರು ಕೇಳಿದ್ದರೂ ನನ್ನ ಬಾಯಲ್ಲಿ ಮೊದಲು ಬರುತ್ತಿದ್ದದ್ದು, ಪಾಪ, ಕಣ್ಣಿಲ್ಲದ ಹೆಂಗಸು ಎಂಬ ಮಾತೇ.

"ಶ್ರೀನಿವಾಸಪುರದಲ್ಲಿ ಮಾವಿನ ಮಂಡೀಲಿ ಕೆಲಸ ಮಾಡ್ತಿದ್ರು" ಎಂದೆ.

"ಓ" ಎಂದಳು ಅವಳು. ಎದುರಿನ ಕುರ್ಚಿಯಲ್ಲಿ ಕುಳಿತು, ಹಣ್ಣು ಹೆಚ್ಚತೊಡಗಿದಳು.