ಅತ್ತೆಗೆ ಬಾರದ ಹಕಾರ

ಹೊಸ ಹುಣಸೆಹಣ್ಣಿನ ವಾಸನೆಗೆ ಯಾರಿಗಾದರೂ ಬಾಯಲ್ಲಿ ನೀರೂರುತ್ತದೆ. ನನಗೆ ಬಾಯಿ ಒಣಗುತ್ತದೆ. ಮೊನ್ನೆ ಕೊರಟಗೆರೆ ಸಂತೆಯಲ್ಲೂ ಅಷ್ಟೇ, ಹಣ್ಣಿನ ರಾಶಿ ಕಂಡಿದ್ದೇ ತಡ, ಈಗಲೇ ಯಾರೋ ಹೆಸರು ಕೂಗಿ ವೇದಿಕೆಗೆ ಕರೆಯುತ್ತಾರೇನೋ ಎನಿಸಿತು. ಐವತ್ತು ದಾಟಿದ ಟೀಚರಮ್ಮ ನಾನು, ಯಾವ ಸಮಾರಂಭವಿದ್ದರೂ ಮೈಕು ನನ್ನ ಕೈಗೇ ಬರುತ್ತದೆ. ಆದರೂ ನಿಂತಲ್ಲಿ ನಿಲ್ಲಲಾಗದೆ, ಕೊಳ್ಳಬೇಕಾದ್ದನ್ನೂ ಕೊಳ್ಳದೆ ಬಸ್ಸು ಹತ್ತಿಬಿಟ್ಟೆ.

ಪುರವರದ ನಮ್ಮ ಮನೆ ಈಗಿಲ್ಲ. ಆ ಜಾಗದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯಿದೆ. ನಿಮ್ಮದೂ ಅಂಥದೊಂದು ಮನೆ ಎಲ್ಲೋ ಹೀಗೇ ಕರಗಿಹೋಗಿರಬೇಕು. ನಮ್ಮ ಜಗಲಿಯಲ್ಲಿ ಬೇಸಿಗೆಯಿಡೀ ಸೋದರತ್ತೆ ಪುಟ್ಟಮ್ಮ ಕೂಲಿಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಆ ಹುಳಿ ಘಾಟು, ಕಂದು ಅಂಟು, ಒಣ ಸಿಪ್ಪೆಯ ಚಟಚಟ, ಅದರ ನಡುವೆಯೇ ನಾನು ಬೆಳೆದೆ. ಹಕಾರಕ್ಕೆ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಹಾಲು ಆಲಾಗಿತ್ತು, ಹಸು ಅಸುವಾಗಿತ್ತು. ಆರನೇ ತರಗತಿಯಲ್ಲಿ ಸ್ವಾಗತ ಭಾಷಣಕ್ಕೆ ನಿಂತಾಗ, ಎಲ್ಲಿ ಹಕಾರ ತಪ್ಪುತ್ತದೋ ಎಂಬ ಭಯಕ್ಕೆ ಬೇಡದ ಕಡೆಗೂ ಸೇರಿಸಿ "ಹಧ್ಯಕ್ಷರೇ" ಎಂದೆ. ಶಾಲೆಗೆ ಶಾಲೆಯೇ ನಕ್ಕಿತು. ಇನ್ನು ಜನರ ಮುಂದೆ ಬಾಯಿ ತೆರೆಯುವುದಿಲ್ಲ ಎಂದು ಮನೆಗೆ ಬಂದು ಮೂಲೆ ಹಿಡಿದೆ.

ಅತ್ತೆ ಕೈ ಕೂಡ ತೊಳೆಯದೆ ಮೇಷ್ಟರ ಮನೆಗೆ ಹೋಗಿ ಕೇಳಿಕೊಂಡು ಬಂದಳು: ಹಕಾರ ಸರಿಯಾಗಿ ಬಂದರೆ ಎದುರಿಗೆ ಹಿಡಿದ ಅಂಗೈಗೆ ಉಸಿರು ತಾಕುತ್ತದಂತೆ. ಓದು ಬಾರದವಳು, ಕಿವಿಗೆ ಆ ವ್ಯತ್ಯಾಸವೂ ತಿಳಿಯದವಳು, ಅಂದಿನಿಂದ ತನ್ನ ಹುಳಿ ಅಂಗೈಯನ್ನೇ ನನ್ನ ಬಾಯಿಯ ಮುಂದೆ ಹಿಡಿದು ಪಾಠ ಒಪ್ಪಿಸಿಕೊಂಡಳು. "ಉಸ್ರು ತಾಕ್ಲಿಲ್ಲ ಕಣಮ್ಮ, ಇನ್ನೊಂದ್ಸಲ ಅನ್ನು," ಎನ್ನುವಳು. "ನಂಗಂತೂ ಬರಲ್ಲ, ನಿಂಗಾದ್ರೂ ಬರ್ಲಿ." ಮರುವರ್ಷ ಅದೇ ವೇದಿಕೆಯಲ್ಲಿ ಒಂದೂ ತಪ್ಪಿಲ್ಲದೆ ಮಾತಾಡಿ ಇಳಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ಕೆಲಸ ಸಿಕ್ಕ ಮೇಲೆ, ಒಮ್ಮೆ ಮನೆಗೆ ಬಂದ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರನ್ನು ಅತ್ತೆ "ಬನ್ನಿ ಎಡ್ಮಾಸ್ಟ್ರೇ" ಎಂದು ಕರೆದಳು. ಎಲ್ಲರೆದುರು ನಾನು "ಹೆಡ್ಮಾಸ್ಟ್ರು ಅನ್ನು ಅತ್ತೆ" ಎಂದು ತಿದ್ದಿದೆ. ಎಂಥ ಕೊಬ್ಬು ನನಗೆ. ಅವಳು ನಕ್ಕು ಒಳಗೆ ಹೋದಳು. ಆಮೇಲೆ ನನ್ನ ಕಡೆಯವರು ಯಾರು ಬಂದರೂ ಅವಳು ಬಾಯಿ ಬಿಟ್ಟದ್ದನ್ನು ನಾನು ಕಾಣೆ. ಕೇಳಿದ್ದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ನನಗೆ ಮಾತು ಕೊಟ್ಟವಳ ಮಾತನ್ನು ನಾನೇ ಕಿತ್ತುಕೊಂಡಿದ್ದೆ. ತಪ್ಪಾಯಿತು ಎನ್ನಲು ಇಪ್ಪತ್ತು ವರ್ಷ ನನಗೆ ಪುರಸೊತ್ತು ಸಿಗಲಿಲ್ಲ, ಭಾಷಣಗಳಿಗೆ ಮಾತ್ರ ಸಿಕ್ಕಿತು.

ಹೋದ ತಿಂಗಳು ಅತ್ತೆ ತೀರಿಕೊಂಡಳು. ಹನ್ನೊಂದನೆಯ ದಿನ ನೆಂಟರೆಲ್ಲ ಸೇರಿ ಎರಡು ಮಾತಾಡು ಎಂದರು. ಅಗಲಿದ ಚೇತನ, ತುಂಬಲಾರದ ನಷ್ಟ ಎಂದೆಲ್ಲ ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು. ಎದ್ದು ನಿಂತೆ, ಬಂದದ್ದು ಒಂದೇ ಮಾತು: "ನಮ್ಮತ್ತೆ ಓದ್ಲು." ಹೋದಳು ಎನ್ನುವುದನ್ನು ನಮ್ಮ ಮನೆಯಲ್ಲಿ ಹಾಗೆಯೇ ಅನ್ನುತ್ತಿದ್ದದ್ದು. ಯಾರೂ ನಗಲಿಲ್ಲ. ಅಕ್ಷರ ಕಾಣದ ಅವಳು ಓದಿದಳೆಂದು ಯಾರಾದರೂ ತಿಳಿದರೆ ಹಾಗೇ ತಿಳಿಯಲಿ ಎಂದು ನಾನೂ ತಿದ್ದಿಕೊಳ್ಳಲಿಲ್ಲ.